ಮುಷ್ಟಿಯಲ್ಲಿ ಉಳಿದ ಕಾಳು

ಆಟವೆಂದರೆ ಕೇವಲ ಕಾಲಹರಣವೆಂದು ಭಾವಿಸುವವರು ಬಹಳ. ಆದರೆ ಪೂರ್ವಿಕರು ಆಟದ ಹಾಸನ್ನೇ ಧರ್ಮೋಪದೇಶದ ಪುಟವನ್ನಾಗಿ ಮಾಡಿದ್ದರು. ಗುಜರಾತ, ರಾಜಸ್ಥಾನಗಳ ಜೈನರಲ್ಲಿ ಬಳಕೆಯಲ್ಲಿದ್ದ ‘ಜ್ಞಾನಬಾಜಿ’ ಇದಕ್ಕೆ ನಿದರ್ಶನ. ಬಟ್ಟೆಯ ಅಥವಾ ಕಾಗದದ ಮೇಲೆ ಚಿತ್ರಿಸಿದ ಈ ಹಾಸಿನಲ್ಲಿ ಸಾಮಾನ್ಯವಾಗಿ 84 ಮನೆಗಳು. ಸದ್ಗುಣದಿಂದ ಏರಿಕೆ, ದುರ್ಗುಣದ ಹಾವಿನಿಂದ ಇಳಿಕೆ, ತುದಿಯಲ್ಲಿ ಸಿದ್ಧರ ನೆಲೆ. ಭಾರತದ ಇಂತಹ ಆಟಗಳಿಂದ ಹುಟ್ಟಿದ ಹಾವು–ಏಣಿಯಾಟವು 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ಬಂದಿತು. ಕಾಲಕ್ರಮದಲ್ಲಿ ಅದರ ನೀತಿ ಕಳಚಿ ಬಿದ್ದು ಅಂಕೆಗಳು ಮಾತ್ರ ಉಳಿದವು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿಯು ಹಾವುಗಳನ್ನೂ ತೆಗೆದು ಜಾರುಬಂಡೆಗಳನ್ನಿಟ್ಟಿತು.

ಹಳೆಯ ಆಟದಿಂದ ಹೊಸ ಆಟವನ್ನು ಕಟ್ಟುವ ಕಾರ್ಯ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅನೇಕ ಹೊಸ ಆಟಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೇ ಸ್ಥಾನ ದೊರೆತಿದೆ. ಅರಸರು ಮಾಡಿದ ಕೆಲಸವನ್ನು ಆಳಂದದ ಒಬ್ಬ ವೃದ್ಧ ವರ್ತಕರು ತಮ್ಮ ಅಳತೆಯಲ್ಲಿ ಮಾಡಹೊರಟರು. ಬೇಸಿಗೆಯ ರಜೆಗೆ ಜೇವರ್ಗಿಯಿಂದ ಬಂದಿದ್ದ ಮಗಳ ಮಕ್ಕಳು ಹಾವು–ಏಣಿಯಾಟದಲ್ಲಿ ಮಗ್ನರಾಗಿದ್ದುದನ್ನು ಕಂಡು ಅವರಿಗೊಂದು ಸಂದೇಹ ಮೂಡಿತು. ದಾಳ ಬಿದ್ದಂತೆ ಹಾವು ಕಚ್ಚುವುದಾದರೆ ಆಡುವವನ ತಪ್ಪೇನು? ತಾನು ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣಬೇಕೆಂಬ ಸಿದ್ಧಾಂತಕ್ಕೆ ದೈವಯೋಗದ ಈ ಆಟ ಹೇಗೆ ಹೊಂದೀತು?

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಸಾಲಿಗೆ 6 ಮನೆಗಳಂತೆ 14 ಸಾಲು ಬರೆದರು. ಹದಿನಾಲ್ಕು ಗುಣಸ್ಥಾನಗಳು ಮೂಡಿ, ಒಟ್ಟು 84 ಮನೆಗಳೂ ಆದವು. ದಾಳಕ್ಕೆ ಬದಲು ಕವಡೆ. ಕೆಲವು ಮನೆಗಳಿಗೆ ‘ಅಂಗಡಿ’ ಎಂದು ಹೆಸರಿಟ್ಟರು. ಅಲ್ಲಿ ನಿಂತವನು ಪ್ರಾಮಾಣಿಕನಾಗಿದ್ದರೆ ನಿಂತಲ್ಲೇ ನಿಲ್ಲಬೇಕು. ಮೋಸಕ್ಕೆ ಒಪ್ಪಿದರೆ 6 ಮನೆ ಮುಂದೆ ಹೋಗಬಹುದು, ಆದರೆ ಬಟ್ಟಲಿನಿಂದ ಒಂದು ತೊಗರಿಕಾಳನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಹಾವು ಕಚ್ಚುವುದು ಕಾಳು ಹಿಡಿದವನನ್ನು ಮಾತ್ರ. ಒಂದು ಸರದಿ ಬಿಟ್ಟು ಕುಳಿತರೆ ಒಂದು ಕಾಳನ್ನು ಮರಳಿ ಹಾಕಬಹುದು, ಅದು ಪ್ರತಿಕ್ರಮಣ. ಹತ್ತನೆಯ ಸಾಲಿನಲ್ಲಿ ಎರಡು ದಾರಿ. ಕಾಳನ್ನು ಬಟ್ಟಲಿನ ಕೆಳಗೆ ಮುಚ್ಚಿಟ್ಟವನು ಹನ್ನೊಂದಕ್ಕೆ ಏರಿ ಅಲ್ಲಿಂದ ಬೀಳುತ್ತಾನೆ. ಎಲ್ಲವನ್ನೂ ತೊರೆದವನು ಹನ್ನೊಂದನ್ನು ಮುಟ್ಟದೆಯೇ ಹನ್ನೆರಡಕ್ಕೆ ಹೋಗುತ್ತಾನೆ. ಮೋಹವನ್ನು ಅಡಗಿಸಿದವನು ಹನ್ನೊಂದನೆಯ ಗುಣಸ್ಥಾನದಿಂದ ಜಾರುತ್ತಾನೆ, ಕ್ಷಯಗೊಳಿಸಿದವನು ಜಾರುವುದಿಲ್ಲ ಎಂಬ ಶಾಸ್ತ್ರದ ಮಾತು ಹೀಗೆ ಮಕ್ಕಳ ಬೆರಳ ತುದಿಗೆ ಬಂದಿತು.

ಮನೆಯೊಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಸಪ್ತವ್ಯಸನಗಳಲ್ಲಿ ಜೂಜೇ ಮೊದಲನೆಯದಲ್ಲವೇ, ಮಕ್ಕಳ ಕೈಗೆ ಕವಡೆ ಕೊಡುವುದೇಕೆ ಎಂಬುದು ಆಕೆಯ ಆಕ್ಷೇಪ. ಪಣವಿಲ್ಲದ ಆಟ ಜೂಜಲ್ಲವೆಂದು ವರ್ತಕರು ಉತ್ತರಿಸಿದರು.

ಹಾವುಗಳಿಗೆ ಅವರು ಆರಿಸಿದ ಹೆಸರುಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದವು. ಅಚೌರ್ಯವ್ರತದ ಐದು ಅತಿಚಾರಗಳನ್ನು ಅಲ್ಲಿ ಹೇಳಿದೆ: ಕಳವಿಗೆ ಪ್ರೇರಣೆ, ಕದ್ದ ಮಾಲಿನ ಖರೀದಿ, ರಾಜ್ಯದ ಕಟ್ಟಳೆಯ ಉಲ್ಲಂಘನೆ, ಅಳತೆ–ತೂಕಗಳಲ್ಲಿ ಹೆಚ್ಚುಕಡಿಮೆ, ಕಲಬೆರಕೆ. ನಾಲ್ಕನೆಯ ಹಾವಿನ ಬಳಿ ‘ಹೀನಾಧಿಕ ತೂಕ’ ಎಂದು ಬರೆಯುವಾಗ ಹಿರಿಯ ಮೊಮ್ಮಗಳು ಕೇಳಿದಳು: “ಮುತ್ಯಾ, ನೀವು ಈ ಹಾವಿಗಿ ಎಂದಾರ ಸಿಕ್ಕಿದ್ರೇನು?”

ವರ್ತಕರು ನಕ್ಕು ಸುಮ್ಮನಾದರು. ಆದರೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಕೈತಕ್ಕಡಿಯ ಕಾಲದಲ್ಲಿ ಧೂಳು, ತೇವಗಳ ಹೆಸರಿನಲ್ಲಿ ಪ್ರತಿ ಚೀಲಕ್ಕೆ ಒಂದಿಷ್ಟು ಹೆಚ್ಚು ಕಡಿತ ಮಾಡುವುದು ರೂಢಿಯಾಗಿತ್ತು. ಎಲ್ಲರೂ ಮಾಡುತ್ತಾರೆಂಬ ಸಮಾಧಾನವೂ ಜೊತೆಗಿತ್ತು. ಅಫಜಲಪುರ ತಾಲೂಕಿನ ಭೀಮಾತೀರದ ಒಬ್ಬ ರೈತನು ವರ್ಷವರ್ಷವೂ ತೊಗರಿ ತರುತ್ತಿದ್ದನು. ತೂಗುವಾಗ ಮುಳ್ಳಿನ ಕಡೆಗೆ ಆತನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದನ್ನು ವರ್ತಕರು ತಮ್ಮ ಮೇಲಿನ ವಿಶ್ವಾಸವೆಂದೇ ತಿಳಿದು ಹೆಮ್ಮೆಪಟ್ಟಿದ್ದರು.

ಮರುದಿನ ಹಳೆಯ ಖಾತೆ–ಕಿರ್ದಿಗಳನ್ನು ತೆಗೆದು ಚೀಲಗಳನ್ನು ಎಣಿಸಿ, ಕಡಿತವನ್ನು ಅಂದಾಜಿಸಿ, ಬಡ್ಡಿ ಸೇರಿಸಿ ಒಂದು ಮೊತ್ತ ಮಾಡಿದರು. ಮೊತ್ತ ದೊಡ್ಡದೇನಲ್ಲ. ಅದನ್ನು ತೆಗೆದುಕೊಂಡು ಆ ಊರಿಗೆ ಹೋದಾಗ ರೈತನು ತೀರಿಕೊಂಡು ವರ್ಷಗಳಾಗಿದ್ದವು. ಮಗನು ಚಾಪೆ ಹಾಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿದನು. ಬಳಿಕ ಶಾಂತವಾಗಿ ನುಡಿದನು: “ಅಪ್ಪಗ ಗೊತ್ತಿತ್ತು ಸಾವ್ಕಾರ್ರೇ. ನಿಮ್ಮ ಕಡೆ ಸಾಲ ಇತ್ತು, ಅದಕ್ಕ ಸುಮ್ಮನಿದ್ದ.”

ಹಣವನ್ನು ಅವನು ಸ್ವೀಕರಿಸಿದನು. ವರ್ತಕರಿಗೆ ಅದರಿಂದ ಹಗುರವಾಗಲಿಲ್ಲ. ವಿಶ್ವಾಸವೆಂದು ಇಷ್ಟು ಕಾಲ ನಂಬಿದ್ದುದು ಋಣದ ಭಾರಕ್ಕೆ ಬಗ್ಗಿದ ಮೌನವಾಗಿತ್ತು. ತೂಕದಲ್ಲಿ ಕಳೆದುದಕ್ಕೆ ಲೆಕ್ಕವಿದೆ; ಗೊತ್ತಿದ್ದೂ ತಲೆ ತಗ್ಗಿಸಿ ನಿಂತ ಮನುಷ್ಯನ ಆ ಘಳಿಗೆಗಳಿಗೆ ಯಾವ ಖಾತೆಯಲ್ಲಿ ಜಮೆ ಬರೆಯಬೇಕು?

ಆಳಂದಕ್ಕೆ ಮರಳಿ ಅವರು ಆಟದ ಒಂದು ನಿಯಮವನ್ನು ಬದಲಿಸಿದರು. ಕಾಳನ್ನು ಇನ್ನು ಮುಷ್ಟಿಯಲ್ಲಿ ಹಿಡಿಯುವಂತಿಲ್ಲ. ಎಲ್ಲರಿಗೂ ಕಾಣುವಂತೆ ಅಂಗೈ ತೆರೆದೇ ಇರಬೇಕು. ಕಾರಣ ಕೇಳಿದ ಮೊಮ್ಮಗಳಿಗೆ ಅವರು ತಾವು ಹೋಗಿ ಬಂದ ಸಂಗತಿಯನ್ನು ಒಂದನ್ನೂ ಬಿಡದೆ ಹೇಳಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ತನ್ನ ಕೈಯಲ್ಲಿದ್ದ ಎರಡು ಕಾಳುಗಳನ್ನು ನೋಡಿಕೊಂಡು, ಆ ಸರದಿಯನ್ನು ಬಿಟ್ಟು ಕುಳಿತಳು.

ಲಾಭವು ವ್ಯಾಪಾರದ ಧರ್ಮವೇ ಸರಿ. ಆದರೆ ಎದುರಿನವನು ಮಾತಾಡದಿರುವುದನ್ನು ಒಪ್ಪಿಗೆಯೆಂದು ಎಣಿಸುವ ವರ್ತಕನು ತನ್ನ ಅಂಗೈಯನ್ನು ಒಮ್ಮೆ ತೆರೆದು ನೋಡಿಕೊಳ್ಳುವುದು ಲೇಸು.