ಜೋಡಿ ತಪ್ಪಿದ ಸೆಲ್ಲುಗಳು

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಹಿಂಬದಿಯ ಮುಚ್ಚಳ ಸರಿಸಿ, ರಾತ್ರಿ ಚಾರ್ಜಿಗಿಟ್ಟಿದ್ದ ಎರಡು ಪೆನ್ಸಿಲ್ ಸೆಲ್ಲುಗಳನ್ನು ಸ್ಪ್ರಿಂಗಿನ ಕಡೆಗೆ ಚಪ್ಪಟೆ ತುದಿ ಬರುವಂತೆ ಒತ್ತಿ ಕೂರಿಸಿ, ಗುಂಡಿ ಅದುಮಿದೊಡನೆ ಪರದೆಯ ಮೇಲೆ ಇಟ್ಟಿಗೆಗಳು ಉದುರತೊಡಗಿದಾಗ ಸಿಗುವ ಸುಖವು ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದಾಗ ಸಿಗುವಂಥದಲ್ಲ. ಒಮ್ಮೆ ಬರಿದಾದುದನ್ನು ಮತ್ತೆ ತುಂಬಿಸಿ ಬಳಸುವ ಈ ಕೆಲಸದಲ್ಲಿ ಆಡುವವನ ಕೈಗೂ ಪಾಲುಂಟು. ಆದರೆ ಬಳ್ಳಾರಿಯ ಮೋಕ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳು ಬಂದು, ಹಗರಿ ಹೊಳೆಯ ಮರಳು ಕಾದು, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಈ ಸುಖಕ್ಕೆ ಸಂಚಕಾರ ಬರುತ್ತದೆ. ತುಂಬಿದೆ ಎಂದು ಚಾರ್ಜರಿನ ದೀಪ ತೋರಿಸಿದ ಸೆಲ್ಲು ಎರಡು ಆಟ ಮುಗಿಯುವಷ್ಟರಲ್ಲಿ ಸೋಲುತ್ತದೆ, ‘ರೀಚಾರ್ಜ್ ಸೆಲ್ಲಿಗೆ ದಮ್ಮಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಈ ತೀರ್ಪು ಬಹುಪಾಲು ಅನ್ಯಾಯದ್ದು. ತಪ್ಪು ಹೆಚ್ಚಾಗಿ ಚಾರ್ಜರಿನಲ್ಲಿ, ಅದನ್ನಿಟ್ಟ ಜಾಗದಲ್ಲಿ ಮತ್ತು ಸೆಲ್ಲುಗಳನ್ನು ಕಲಸಿ ಬಳಸುವ ಅಭ್ಯಾಸದಲ್ಲಿ ಇರುತ್ತದೆ.

ಸಾಮಾನ್ಯ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದೂ ರೀಚಾರ್ಜ್ ಸೆಲ್ಲಿನ ಮೇಲೆ 1.2 ವೋಲ್ಟ್ ಎಂದೂ ಮುದ್ರಿತವಾಗಿರುವುದನ್ನು ಕಂಡವರು ಎರಡನೆಯದು ಹುಟ್ಟಿನಿಂದಲೇ ದುರ್ಬಲವೆಂದು ಭಾವಿಸುತ್ತಾರೆ. ವೋಲ್ಟ್ ಎಂಬುದು ವಿದ್ಯುತ್ತನ್ನು ಮುಂದಕ್ಕೆ ತಳ್ಳುವ ಒತ್ತಡದ ಅಳತೆ. ಸಾಮಾನ್ಯ ಸೆಲ್ಲಿನ ಈ ಒತ್ತಡ ಬಳಸಿದ ಮೊದಲ ಗಳಿಗೆಯಿಂದಲೇ ಇಳಿಯುತ್ತ ಬಂದು, ಅರ್ಧ ಆಯಸ್ಸಿನ ಹೊತ್ತಿಗೆ 1.2ರ ಆಸುಪಾಸಿಗೆ ತಲುಪಿ, ಕೊನೆಗೆ 0.9ಕ್ಕೆ ಬಂದು ಮುಗಿಯುತ್ತದೆ. ಇಂದು ಪೆನ್ಸಿಲ್ ಗಾತ್ರದ ರೀಚಾರ್ಜ್ ಸೆಲ್ಲುಗಳಲ್ಲಿ ಹೆಚ್ಚಾಗಿ ಕಾಣುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು, ಅಂದರೆ ಒಂದು ತುದಿಯಲ್ಲಿ ನಿಕಲ್ ಸಂಯುಕ್ತವನ್ನೂ ಇನ್ನೊಂದರಲ್ಲಿ ಜಲಜನಕವನ್ನು ಹೀರಿಕೊಳ್ಳುವ ಮಿಶ್ರಲೋಹವನ್ನೂ ಹೊಂದಿದ ಸೆಲ್ಲು, ತನ್ನ 1.2 ವೋಲ್ಟನ್ನು ಬಹುತೇಕ ಕೊನೆಯವರೆಗೂ ಕಾಯ್ದುಕೊಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆದುದರಿಂದ ಗೇಮಿನ ಕೆಂಪು ದೀಪ ಮಂಕಾಗುವುದನ್ನು ನೋಡಿ ಎಚ್ಚರಗೊಳ್ಳುವ ರೂಢಿ ಇಲ್ಲಿ ಉಪಯೋಗಕ್ಕೆ ಬಾರದು; ದೀಪ ಮಂಕಾಯಿತೆಂದರೆ ಆಟ ಉಳಿಸಿಕೊಳ್ಳಲು ಉಳಿದಿರುವುದು ಕೆಲವೇ ನಿಮಿಷ.

ಈ ಸೀಮೆಯಲ್ಲಿ ಸೆಲ್ಲುಗಳನ್ನು ನಿಜವಾಗಿ ಕೊಲ್ಲುತ್ತಿರುವುದು ಟೈಮರ್ ಚಾರ್ಜರು. ಸೆಲ್ಲು ತುಂಬಿತೇ ಇಲ್ಲವೇ ಎಂಬುದನ್ನು ನೋಡದೆ, ನಿಗದಿಪಡಿಸಿದಷ್ಟು ಗಂಟೆ ವಿದ್ಯುತ್ ಹರಿಸಿ ತಾನಾಗಿ ನಿಲ್ಲುವ ಈ ಉಪಕರಣವು ದಿನವಿಡೀ ಕರೆಂಟಿರುವ ಊರನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡದ್ದು. ಕರೆಂಟು ಹೋಗಿ ಬಂದರೆ ಇಂಥ ಎಷ್ಟೋ ಚಾರ್ಜರುಗಳಿಗೆ ಹಿಂದಿನ ಲೆಕ್ಕ ನೆನಪಿರುವುದಿಲ್ಲ, ಎಣಿಕೆ ಸೊನ್ನೆಯಿಂದ ಮತ್ತೆ ಆರಂಭವಾಗುತ್ತದೆ. ಆರು ಗಂಟೆಯ ಟೈಮರು ಐದನೆಯ ಗಂಟೆಯ ಕೊನೆಗೆ ಒಮ್ಮೆ ಕರೆಂಟು ಕಳೆದುಕೊಂಡರೂ ಸಾಕು, ಸೆಲ್ಲಿಗೆ ಒಟ್ಟು ಹನ್ನೊಂದು ಗಂಟೆಯ ಚಾರ್ಜು ಬೀಳುತ್ತದೆ; ಎರಡು ಸಲ ಹೋಗಿ ಬಂದರೆ ಹೇಳುವುದೇ ಬೇಡ. ತುಂಬಿದ ಮೇಲೂ ಬರುವ ವಿದ್ಯುತ್ತಿಗೆ ಸೆಲ್ಲಿನೊಳಗೆ ಸ್ಥಳವಿರದೆ ಅದು ಶಾಖವಾಗಿ ಮಾರ್ಪಡುತ್ತದೆ. ಬೆಳಗಿನ ಜಾವ ಚಾರ್ಜರಿನಿಂದ ತೆಗೆದ ಸೆಲ್ಲು ಅಂಗೈಯಲ್ಲಿ ಹಿಡಿಯಲಾರದಷ್ಟು ಕಾದಿದ್ದರೆ ಅದರ ಆಯಸ್ಸಿನಲ್ಲಿ ಒಂದು ಭಾಗ ಅದೇ ರಾತ್ರಿ ತೀರಿಹೋಗಿದೆಯೆಂದೇ ತಿಳಿಯಬೇಕು. ಹೊರಗಿನ ಸೆಕೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. 40 ಡಿಗ್ರಿ ದಾಟಿದ ಕೋಣೆಯಲ್ಲಿ ಈ ಬಗೆಯ ಸೆಲ್ಲು ಪೂರ್ಣ ಚಾರ್ಜನ್ನು ಸ್ವೀಕರಿಸುವುದಿಲ್ಲ, ಸ್ವೀಕರಿಸಿದ್ದನ್ನು ಬೇಗನೆ ಬಿಟ್ಟುಕೊಡುತ್ತದೆ. ಇಷ್ಟಾದರೂ ಟೈಮರ್ ಚಾರ್ಜರುಗಳನ್ನು ‘ಆಟೊಮ್ಯಾಟಿಕ್’ ಎಂಬ ಹೆಸರಿನಲ್ಲಿ ಮಾರಲಾಗುತ್ತಿದೆ, ಕೊಂಡವರು ಸೆಲ್ಲನ್ನು ಬಯ್ಯುತ್ತಿದ್ದಾರೆ ಎಂಬುದು ಸಹಿಸಲಾಗದ ಸಂಗತಿ.

ಇದಕ್ಕೆ ಬೇಕಾದ ಚಾರ್ಜರು ಬೇರೆಯೇ ಇದೆ. ನಿಕಲ್ ಸೆಲ್ಲು ತುಂಬಿದೊಡನೆ ಅದರ ವೋಲ್ಟೇಜು ಶಿಖರ ಮುಟ್ಟಿ, ಅಲ್ಲಿಂದ ಒಂದಿಷ್ಟು ಮಿಲಿವೋಲ್ಟ್ ಕೆಳಗಿಳಿಯುತ್ತದೆ; ಈ ಸಣ್ಣ ಇಳಿತವನ್ನು ಪ್ರತಿಯೊಂದು ಸೆಲ್ಲಿನಲ್ಲೂ ಪ್ರತ್ಯೇಕವಾಗಿ ಗಮನಿಸಿ ನಿಲ್ಲುವ ಚಾರ್ಜರಿಗೆ ಕರೆಂಟು ಎಷ್ಟು ಸಲ ಹೋಗಿ ಬಂದರೂ ಹೆಚ್ಚು ಬಾಧೆಯಿಲ್ಲ. ಸಂಜೆ ಪಂಪ್‌ಸೆಟ್ಟುಗಳು ಓಡುವಾಗ ಬಲ್ಬು ಮಂಕಾಗಿ, ಅವು ನಿಂತೊಡನೆ ಬೆಳಕು ಏರುವ ಊರುಗಳಲ್ಲಿ, ಬರೀ ಟ್ರಾನ್ಸ್‌ಫಾರ್ಮರು ಮತ್ತು ಡಯೋಡು ಹಾಕಿ ಮಾಡಿದ ಅಗ್ಗದ ಚಾರ್ಜರಿನ ವೇಗವೂ ಮನೆಯ ವೋಲ್ಟೇಜಿನ ಹಿಂದೆಯೇ ಏರಿಳಿಯುವುದರಿಂದ, ಅದಕ್ಕೆ ಗಂಟೆಗಳ ಲೆಕ್ಕ ಹಾಕುವುದೇ ವ್ಯರ್ಥ.

ಇನ್ನು ಜೋಡಿಯ ವಿಷಯ. ಈ ಹವ್ಯಾಸದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ, ಇದಕ್ಕಿಂತ ಹೆಚ್ಚು ಅಸಡ್ಡೆಗೆ ಗುರಿಯಾದದ್ದೂ ಇನ್ನೊಂದಿಲ್ಲ. ಗೇಮಿನೊಳಗೆ ಸೆಲ್ಲುಗಳು ಒಂದರ ಹಿಂದೊಂದು ಸರಣಿಯಾಗಿ ಕೂರುವುದರಿಂದ ಒಂದರಲ್ಲಿ ಹರಿದ ವಿದ್ಯುತ್ತೇ ಇನ್ನೊಂದರಲ್ಲೂ ಹರಿಯಬೇಕು. ಒಂದು ಹೊಸದು, ಇನ್ನೊಂದು ಹಳೆಯದಾದರೆ ಹಳೆಯದು ಮೊದಲು ಬರಿದಾಗುತ್ತದೆ. ಆದರೆ ಗೇಮು ನೋಡುವುದು ಎರಡರ ಮೊತ್ತವನ್ನು ಮಾತ್ರ. ಒಂದು 1.2 ವೋಲ್ಟಿನಲ್ಲಿ ಗಟ್ಟಿಯಾಗಿದ್ದು ಇನ್ನೊಂದು 0.8ಕ್ಕೆ ಇಳಿದಿದ್ದರೂ ಮೊತ್ತ 2 ವೋಲ್ಟ್ ಇರುವುದರಿಂದ ಆಟ ನಡೆಯುತ್ತಲೇ ಇರಬಹುದು, ದುರ್ಬಲವಾದದ್ದು ಒಳಗೆ ಸಾಯುತ್ತಿರುತ್ತದೆ. ಇನ್ನೂ ಮುಂದುವರಿದರೆ ಬಲವಾದ ಸೆಲ್ಲು ದುರ್ಬಲವಾದದ್ದರ ಮೂಲಕ ವಿದ್ಯುತ್ತನ್ನು ಬಲವಂತವಾಗಿ ತಳ್ಳಿ, ಅದರ ಧನ ಋಣಗಳನ್ನೇ ತಿರುಗುಮುರುಗು ಮಾಡುತ್ತದೆ. ಹೀಗೆ ತಿರುಗಿದ ಸೆಲ್ಲು ಮತ್ತೆ ಮೊದಲಿನಂತೆ ಆಗುವುದು ಅಪರೂಪ. ನಾಲ್ಕು ಸೆಲ್ಲು ಬೇಡುವ ಯಂತ್ರದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮೂರರ ಬಲದ ಮರೆಯಲ್ಲಿ ನಾಲ್ಕನೆಯದರ ಗತಿ ಕಾಣುವುದೇ ಇಲ್ಲ.

ಆದುದರಿಂದ ಸೆಲ್ಲುಗಳನ್ನು ಕೊಂಡ ದಿನವೇ ಅಳಿಸದ ಮಾರ್ಕರಿನಿಂದ ಒಂದು ಜೋಡಿಗೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಬರೆದು, ಅದರ ಕೆಳಗೆ ತಿಂಗಳು ಮತ್ತು ವರ್ಷ ನಮೂದಿಸಿ, ಒಟ್ಟಿಗೆ ಚಾರ್ಜು ಮಾಡಿ, ಒಟ್ಟಿಗೆ ಬಳಸಿ, ಒಟ್ಟಿಗೇ ತೆಗೆದಿಡಬೇಕು. ಆಟ ನಿಂತೊಡನೆ ಎರಡನ್ನೂ ಹೊರತೆಗೆದು ಮಲ್ಟಿಮೀಟರಿನ ಕಡ್ಡಿ ತಾಗಿಸಿ ನೋಡಿದಾಗ ಎರಡೂ ಹತ್ತಿರ ಹತ್ತಿರ ಒಂದೇ ಅಂಕಿ ತೋರಿದರೆ ಜೋಡಿ ಚೆನ್ನಾಗಿದೆ ಎಂದರ್ಥ, ಒಂದು 1.15 ತೋರಿ ಇನ್ನೊಂದು 0.9 ತೋರಿದರೆ ಆ ಜೋಡಿಯನ್ನು ಒಡೆದು, ಸೋತದ್ದನ್ನು ಒಂದೇ ಸೆಲ್ಲು ಬೇಡುವ ಉಪಕರಣಕ್ಕೆ ಬಿಟ್ಟುಕೊಡಬೇಕು. ಇಷ್ಟು ಸರಳವಾದ ಕ್ರಮವನ್ನು ಹವ್ಯಾಸಿಗಳಲ್ಲಿ ಅನೇಕರು ಪಾಲಿಸುವುದಿಲ್ಲ. ಟೀವಿ ರಿಮೋಟಿನಿಂದ ಒಂದು, ಗೋಡೆ ಗಡಿಯಾರದಿಂದ ಒಂದು ಕಿತ್ತು ತಂದು ಗೇಮಿಗೆ ತುರುಕಿ, ಅದು ನಡೆಯದಿದ್ದಾಗ ಎರಡನ್ನೂ ಪರಸ್ಪರ ಬದಲಾಯಿಸಿ ನೋಡುತ್ತಾರೆ. ಸರಣಿಯಲ್ಲಿ ಸ್ಥಾನ ಬದಲಿಸಿದ ಮಾತ್ರಕ್ಕೆ ಮೊತ್ತ ಬದಲಾಗದೆಂಬುದು ಶಾಲೆಯ ಹುಡುಗರಿಗೂ ಗೊತ್ತು. ‘ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು’ ಎಂದು ಪಾಠ ಹೇಳುವವರೂ ಇದೇ ಗುಂಪಿನವರು. ಆ ಮಾತಿಗೆ ಮೂಲ, ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ನಿಕಲ್-ಕ್ಯಾಡ್ಮಿಯಂ ಸೆಲ್ಲು. ನಿಕಲ್-ಮೆಟಲ್ ಹೈಡ್ರೈಡಿಗೆ ಅದು ಬಹಳ ಮಟ್ಟಿಗೆ ಅನ್ವಯಿಸುವುದಿಲ್ಲ, ಲಿಥಿಯಂ-ಅಯಾನಿಗಂತೂ ಅಪಕಾರವನ್ನೇ ಮಾಡುತ್ತದೆ. ಹಳೆಯ ಬಗೆಯ ಹೈಡ್ರೈಡ್ ಸೆಲ್ಲು ಸುಮ್ಮನೆ ಇಟ್ಟಲ್ಲಿಯೇ ತಿಂಗಳಿಗೆ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಬರಿದಾಗುತ್ತಿದ್ದುದು ನಿಜ. ಆದರೆ 2005ರಲ್ಲಿ ಸಾನ್ಯೊ ಕಂಪನಿಯ ಎನಲೂಪ್ ಬಂದ ಮೇಲೆ ತಿಂಗಳುಗಟ್ಟಲೆ ಚಾರ್ಜು ಉಳಿಸಿಕೊಳ್ಳುವ ಸೆಲ್ಲುಗಳು ಸಿಗತೊಡಗಿ, ಇಟ್ಟಲ್ಲೇ ಬರಿದಾಗುತ್ತದೆಂಬ ದೂರಿಗೂ ಈಗ ಹುರುಳಿಲ್ಲ.

ಸೆಲ್ಲಿನ ಖರ್ಚನ್ನು ಮನಸ್ಸಿನಲ್ಲಿಟ್ಟೇ ಆಟದ ಯಂತ್ರವನ್ನು ರೂಪಿಸಿದವನೆಂದರೆ ಜಪಾನಿನ ನಿಂಟೆಂಡೊ ಕಂಪನಿಯ ಗುನ್ಪೆ ಯೊಕೋಯಿ. 1980ರ ಗೇಮ್ ಆ್ಯಂಡ್ ವಾಚ್‌ನಲ್ಲಿ ಗುಂಡಿ ಸೆಲ್ಲುಗಳನ್ನೂ 1989ರ ಗೇಮ್‌ಬಾಯ್‌ನಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲುಗಳನ್ನೂ ಬಳಸಿದ ಆತ, ಬಣ್ಣದ ಪರದೆ ಸಾಧ್ಯವಿದ್ದ ಕಾಲದಲ್ಲೂ ಹಿಂಬದಿ ದೀಪವಿಲ್ಲದ ಹಸಿರು ಛಾಯೆಯ ಪರದೆಯನ್ನೇ ಆರಿಸಿದ. ಪ್ರತಿಸ್ಪರ್ಧಿಯಾಗಿ ಬಂದ ಸೆಗಾ ಕಂಪನಿಯ ಗೇಮ್ ಗಿಯರ್ ಬಣ್ಣದಿಂದ ಬೆಳಗುತ್ತಿದ್ದರೂ ಆರು ಸೆಲ್ಲುಗಳನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಸುತ್ತಿತ್ತು, ಗೇಮ್‌ಬಾಯ್ ನಾಲ್ಕರಲ್ಲಿ ಹತ್ತು ಗಂಟೆ ದಾಟುತ್ತಿತ್ತು. ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಬಳೆ, ಬೆಂಡು ಬತ್ತಾಸಿನ ಪಕ್ಕದಲ್ಲಿ ಮಾರಾಟವಾಗುತ್ತ ಬಂದ ಬ್ರಿಕ್ ಗೇಮ್, ಅಂದರೆ ರಷ್ಯಾದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ರಚಿಸಿದ ಟೆಟ್ರಿಸ್ ಆಟದ ಅಗ್ಗದ ಅನುಕರಣೆ, ಇದೇ ಮಾರ್ಗ ಹಿಡಿದದ್ದು. ಬಳ್ಳಾರಿಯ ಬಿಸಿಲಿಗೆ ದೀಪವಿಲ್ಲದ ಪರದೆಯಷ್ಟು ಒಪ್ಪುವುದು ಇನ್ನೊಂದಿಲ್ಲ; ಬೇವಿನ ಮರದಡಿ, ಜಗಲಿಯ ಕಟ್ಟೆಯ ಮೇಲೆ, ಬೆಳಕು ಹೆಚ್ಚಿದಷ್ಟೂ ಅದು ಸ್ಪಷ್ಟವಾಗುತ್ತದೆ. ಆದರೆ ಸಿರುಗುಪ್ಪ ಬಸ್ಸಿನ ಕಿಟಕಿಯ ಪಕ್ಕ ನೇರ ಬಿಸಿಲಿಗೆ ಬಿಟ್ಟರೆ ಪರದೆಯೊಳಗಿನ ದ್ರವಸ್ಫಟಿಕ ಕಾದು ಇಡೀ ಪರದೆ ಕಪ್ಪಾಗುತ್ತದೆ. ನೆರಳಿಗಿಟ್ಟು ತಣಿಸಿದರೆ ಸಾಮಾನ್ಯವಾಗಿ ಮರಳಿ ಸರಿಹೋಗುತ್ತದೆ. ಇದೇ ಬಿಸಿಲಿನಲ್ಲಿ ಸೋತ ಸಾಮಾನ್ಯ ಸೆಲ್ಲುಗಳನ್ನು ಒಣಗಿಸಿ ಇನ್ನಷ್ಟು ಆಟ ಪಡೆಯುವ ಹಳೆಯ ಉಪಾಯಕ್ಕೂ ಆಧಾರವುಂಟು, ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ರೀಚಾರ್ಜ್ ಸೆಲ್ಲಿಗೆ ಈ ಚಿಕಿತ್ಸೆ ಖಂಡಿತ ಸಲ್ಲದು.

ಸೆಲ್ಲಿನ ತಂಟೆಯೇ ಬೇಡವೆಂದು ಎಲಿಮಿನೇಟರಿನ ಮೊರೆಹೋಗುವವರಿಗೆ ಬೇರೆ ಬಗೆಯ ತೊಡಕುಗಳಿವೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಸೆಲ್ಲುಗಳ ಮಟ್ಟಕ್ಕೆ ಇಳಿಸಿಕೊಡುವ ಈ ಡಬ್ಬಿಯ ಮೇಲೆ 3ರಿಂದ 12 ವೋಲ್ಟಿನವರೆಗೆ ಸರಿಸುವ ಸ್ವಿಚ್ಚು, ತುದಿಯಲ್ಲಿ ಹಲವು ಅಳತೆಯ ಪಿನ್ನುಗಳು ಇರುತ್ತವೆ. ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡುವ ಏರ್ಪಾಡಿಲ್ಲದ ಎಲಿಮಿನೇಟರು ಕಡಿಮೆ ವಿದ್ಯುತ್ ಎಳೆಯುವ ಗೇಮಿಗೆ ತಾನು ಬರೆದುಕೊಂಡದ್ದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜನ್ನೇ ಕೊಡುತ್ತದೆ. ಪಿನ್ನಿನ ನಡುಭಾಗ ಧನವೋ ಋಣವೋ ಎಂಬುದು ಇನ್ನೂ ಮುಖ್ಯ: ಟೇಪ್‌ರೆಕಾರ್ಡರಿಗೆ ಹೊಂದಿದ್ದು ಗೇಮಿಗೂ ಹೊಂದೀತೆಂಬ ಭರವಸೆಯಿಲ್ಲ, ಮೊದಲ ಗೇಮ್‌ಬಾಯ್ ಬಯಸಿದ್ದು 6 ವೋಲ್ಟ್, ನಡುಭಾಗ ಋಣ. ಅಮೆರಿಕದಿಂದ ಬಂದ ನೆಂಟರು ಕೊಟ್ಟ 120 ವೋಲ್ಟಿನ ಅಡಾಪ್ಟರನ್ನು ನೇರವಾಗಿ ಗೋಡೆಗೆ ಸಿಕ್ಕಿಸಿ ಸುಟ್ಟವರು ನಾಡಿನ ಹಲವು ಊರುಗಳಲ್ಲಿ ಇರುವರು. ಪಿನ್ನು ಚುಚ್ಚಿದಾಗ ಸೆಲ್ಲಿನ ಸಂಪರ್ಕ ಕಡಿಯುವ ಒಳಗಿನ ತಗಡು ಸವೆದಿದ್ದರೆ ಎಲಿಮಿನೇಟರಿನ ವಿದ್ಯುತ್ತು ಸಾಮಾನ್ಯ ಸೆಲ್ಲಿಗೂ ನುಗ್ಗಿ ಅದು ಸೋರಿ, ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತದೆ. ಆದುದರಿಂದ ಎಲಿಮಿನೇಟರ್ ಹಾಕುವ ಮುನ್ನ ಸೆಲ್ಲು ತೆಗೆಯುವುದೇ ಲೇಸು.

2003ರ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ ತನ್ನೊಳಗೇ ಲಿಥಿಯಂ-ಅಯಾನ್ ಬ್ಯಾಟರಿ ಇಟ್ಟುಕೊಂಡು ಬಂದಲ್ಲಿಂದ ಜೋಡಿಯ ಚಿಂತೆ ಕ್ರಮೇಣ ತಗ್ಗಿತು. ಇಂದು ಅಗ್ಗದಲ್ಲಿ ಸಿಗುವ ನಾನೂರು ಆಟಗಳ ಯಂತ್ರಗಳಲ್ಲಿ ಅನೇಕವು ನೋಕಿಯಾ 1100ರ ಕಾಲದ ಬಿಎಲ್-5ಸಿ ಆಕಾರದ ಬ್ಯಾಟರಿಯನ್ನೇ ಬಳಸುವುದರಿಂದ ಅದು ಊದಿಕೊಂಡರೆ ಮೊಬೈಲ್ ಅಂಗಡಿಯಲ್ಲೇ ಬದಲಿ ದೊರೆಯುತ್ತದೆ. ಇದೊಂದು ದೊಡ್ಡ ಅನುಕೂಲ. ಆದರೆ ಟೈಪ್-ಸಿ ಬಾಯಿಯ ಹೊಸ ಯಂತ್ರಗಳಲ್ಲಿ ಕೆಲವು, ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲ್ಲಿನಿಂದ ಎಷ್ಟೇ ಒಳ್ಳೆಯ ಚಾರ್ಜರಿಗೆ ಜೋಡಿಸಿದರೂ ಚಾರ್ಜು ಹಿಡಿಯುವುದಿಲ್ಲ. ‘ಇಲ್ಲಿ ವಿದ್ಯುತ್ ಬೇಕಾಗಿದೆ’ ಎಂದು ಚಾರ್ಜರಿಗೆ ತಿಳಿಸಲು ಯಂತ್ರದೊಳಗೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರುಗಳು ಇರಬೇಕು. ಬಿಡಿಯಾಗಿ ಕೊಂಡರೂ ಒಂದೆರಡು ರೂಪಾಯಿ ದಾಟದ ಆ ಎರಡು ಚೂರುಗಳನ್ನು ತಯಾರಕರು ಕೈಬಿಟ್ಟಿರುತ್ತಾರೆ. ಹಳೆಯ ಅಗಲ ಬಾಯಿಯ ಯುಎಸ್‌ಬಿ ಚಾರ್ಜರಿಗೆ ಸಿಕ್ಕಿಸುವ ಕೇಬಲ್ ಹಾಕಿದೊಡನೆ ಅದೇ ಯಂತ್ರ ಚಾರ್ಜಾಗುತ್ತದೆ. ಕೆಟ್ಟಿದೆಯೆಂದು ಮೂಲೆಗೆ ಎಸೆದ ಗೇಮುಗಳಲ್ಲಿ ಕೆಲವಾದರೂ ಈ ಒಂದು ಕೇಬಲ್ಲಿಗಾಗಿ ಕಾದಿರಬಹುದಾದುದರಿಂದ, ರಿಪೇರಿಯವರು ಬ್ಯಾಟರಿ ಬಿಚ್ಚುವ ಮೊದಲು ಇದನ್ನೇ ಪರೀಕ್ಷಿಸಬೇಕು.