ಗಾಳ ಹಿಡಿದು ಘಟ್ಟ ಇಳಿದು

ಕಡೂರು, ಬೀರೂರು, ತರೀಕೆರೆ ಹಾದುಹೋಗುವ ಹೆದ್ದಾರಿಯನ್ನು ನಮ್ಮ ಕಡೆಯ ಹಳಬರು ಇನ್ನೂ 206 ಅಂತಲೇ ಕರೆಯುತ್ತಾರೆ. ಈಗ ಅದರ ನಂಬರು 69. ನಂಬರು ಯಾವುದಾದರೂ ಇರಲಿ, ಆ ರಸ್ತೆ ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರದಲ್ಲಿ ಕಡಲು ಮುಟ್ಟುತ್ತದೆ. ನಮ್ಮ ನೀರು ಮಾತ್ರ ಆ ರಸ್ತೆಗೆ ಬೆನ್ನು ಹಾಕಿದೆ. ಕಡೂರಿನ ವೇದಾವತಿ ಪೂರ್ವಕ್ಕೆ ಹರಿದು ವಾಣಿವಿಲಾಸ ಸಾಗರ ಸೇರುತ್ತದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ ಭದ್ರೆಯೂ ಕೊನೆಗೆ ಬಂಗಾಳ ಕೊಲ್ಲಿಯ ಪಾಲೇ. ನೀರು ಪೂರ್ವಕ್ಕೆ ಹೋದರೆ ಹೋಗಲಿ. ಗಾಳದ ಚಟ ಹತ್ತಿಸಿಕೊಂಡ ನಮ್ಮಂಥವರು ನಾಲ್ಕು ದಿನ ರಜೆ ಸಿಕ್ಕರೆ ಪಶ್ಚಿಮಕ್ಕೆ ಹೊರಡುತ್ತೇವೆ. ಅಜ್ಜಂಪುರದ ಗೆಳೆಯ ತರೀಕೆರೆಯಲ್ಲಿ ಬಂದು ಕೂಡಿಕೊಳ್ಳುತ್ತಾನೆ.

ಗಾಳದ ಮೊದಲ ಪಾಠ ನಮಗೆಲ್ಲ ಆಗಿದ್ದು ಕೆರೆ ಏರಿಯ ಮೇಲೆ. ಬಿದಿರು ಕೋಲು, ನೈಲಾನ್ ದಾರ, ನವಿಲುಗರಿಯ ದಂಟಿನ ಬೆಂಡು, ತೆಂಗಿನ ಬುಡದಲ್ಲಿ ಕೆದಕಿ ತೆಗೆದ ಎರೆಹುಳು. ನೆಲ ಒಣಗಿ ಹುಳು ಸಿಗದ ಬೇಸಿಗೆಯಲ್ಲಿ ರಾತ್ರಿ ಉಳಿದ ರಾಗಿಮುದ್ದೆ. ಕಾಟ್ಲಾ, ರೋಹು, ಗೆಂಡೆ, ಏನು ಬಿದ್ದರೂ ಸರಿ. ಕುಚ್ಚು ಬಿದ್ದರೆ ಅವತ್ತು ಹಬ್ಬ. ಆದರೆ ಕೆರೆಯಲ್ಲಿ ನೀರಿರಬೇಕಲ್ಲ! ಸಖರಾಯಪಟ್ಟಣದ ಅಯ್ಯನಕೆರೆಯೋ ಮದಗದಕೆರೆಯೋ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೊರಡುತ್ತದೆ, ಬಾಗಿನ ಬಿಡುತ್ತಾರೆ, ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಕೆರೆ ತುಂಬಿದ್ದೇ ಸುದ್ದಿಯಾಗುವ ಸೀಮೆ ನಮ್ಮದು. ತುಂಬಿದ ವರ್ಷವೂ ನೆಮ್ಮದಿಯಿಲ್ಲ. ಮೀನಿನ ಟೆಂಡರ್ ಹಿಡಿದವರ ಕಾವಲುಗಾರ ಏರಿಯ ಆ ತುದಿಯಿಂದಲೇ ಕೂಗು ಹಾಕುತ್ತಾನೆ.

ಹಾಗಾಗಿ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ನಿಂತಾಗ ಬಯಲುಸೀಮೆಯವನು ಬಾಯಿ ಬಿಟ್ಟು ನೋಡುವುದು ಮೀನನ್ನಲ್ಲ, ನೀರನ್ನು. ದಿನಕ್ಕೆ ಎರಡು ಸಲ ತಾನಾಗಿಯೇ ತುಂಬುತ್ತದೆ, ಎರಡು ಸಲ ಇಳಿಯುತ್ತದೆ. ಬಾಗಿನ ಬೇಕಿಲ್ಲ, ಶಾಸಕರು ಬರಬೇಕಿಲ್ಲ. ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ, ಅಷ್ಟೇ ವ್ಯತ್ಯಾಸ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು, ಅಷ್ಟಮಿಯ ಸುಮಾರಿಗೆ ಮಂದ. ಮಳೆ ನಕ್ಷತ್ರ ಹುಡುಕಲು ಪಂಚಾಂಗ ತಿರುವಿ ತಿರುವಿ ಮೋಸ ಹೋದವರಿಗೆ, ಹೇಳಿದ ದಿನ ಹೇಳಿದ ಹೊತ್ತಿಗೆ ಬರುವ ನೀರು ಇದೊಂದೇ. ಕೆರೆಯಲ್ಲಿ ಮೀನಿಗಾಗಿ ಕಾಯುತ್ತೇವೆ. ಇಲ್ಲಿ ನೀರಿಗಾಗಿ ಕಾದರೆ ಮೀನು ಅದರ ಹಿಂದೆಯೇ ಬರುತ್ತದೆ. "ಈಗ ಹಾಕಬೇಡಿ ಮಾರಾಯ್ರೆ, ನೀರು ತಿರುಗಲಿ" ಎಂದು ದೋಣಿಯ ಪಕ್ಕ ಬಲೆ ಬಿಡಿಸುತ್ತ ಕೂತ ಹಿರಿಯರು ಹೇಳುತ್ತಾರೆ. ತಿರುಗುವ ನೀರು ಸಣ್ಣ ಸಿಗಡಿ, ಹುಳುಗಳನ್ನು ಹೊತ್ತು ತರುವಾಗ ದೊಡ್ಡ ಮೀನು ಮೇಯಲು ಬರುತ್ತದೆ. ನಿಂತ ನೀರಲ್ಲಿ ಗಾಳ ಹಾಕಿದವನಿಗೆ ಬಿಸಿಲು ಮಾತ್ರ ಸಿಗುತ್ತದೆ.

ನನ್ನ ಮನಸ್ಸು ಕದ್ದದ್ದು ಕಾಣೆ ಮೀನು. ಮರಳು ತಳದಲ್ಲಿ ಮೇಯುವ, ಮರಳಿನದೇ ಬಣ್ಣದ, ಉದ್ದ ಮೂತಿಯ ಮೀನು. ಹೆದರಿದರೆ ಮರಳಿನೊಳಗೇ ಹುದುಗಿಬಿಡುತ್ತದೆ. ಬಾಯಿ ಚಿಕ್ಕದು, ಹಾಗಾಗಿ ಗಾಳದ ಮುಳ್ಳೂ ಚಿಕ್ಕದಿರಬೇಕು. ಸಿಗಡಿಯ ತಲೆ ಮುರಿದು, ಸಿಪ್ಪೆ ಸುಲಿದು, ಬಾಲದ ಕಡೆಯಿಂದ ಮುಳ್ಳು ಪೋಣಿಸಿ, ತುದಿ ಒಂದಿಷ್ಟೇ ಇಣುಕುವಂತೆ ಬಿಡುತ್ತೇನೆ. ಒಂದು ಗೇಣು ಮೇಲೆ ಸೀಸದ ಗುಂಡು. ಬೆಂಡು ಇಲ್ಲ. ಎಸೆದು, ಗುಂಡು ತಳ ಮುಟ್ಟಿದ ಮೇಲೆ ದಾರ ಬಿಗಿ ಮಾಡಿ ತೋರುಬೆರಳ ಮೇಲೆ ಹಾಯಿಸಿ ಹಿಡಿದರೆ, ಕೆರೆಯಲ್ಲಿ ಕಣ್ಣು ಮಾಡುತ್ತಿದ್ದ ಕೆಲಸವನ್ನೆಲ್ಲ ಬೆರಳು ಮಾಡಬೇಕು. ಅಲೆ ಎಳೆಯುವುದೇ ಬೇರೆ, ಏಡಿ ಎಳೆಯುವುದೇ ಬೇರೆ. ಏಡಿಯದು ಸುಮ್ಮನೆ ಭಾರ. ಕಾಣೆಯದು ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರು ಕದ ತಟ್ಟಿದ ಹಾಗೆ, ಮೆಲ್ಲಗೆ ಎರಡು ಸಲ, ಆಮೇಲೆ ಒಂದು ನಿಜವಾದ ಜಗ್ಗು. ಮೊದಲ ತಟ್ಟಿಗೇ ಎಳೆದರೆ ಬರೀ ಮುಳ್ಳು ಬರುತ್ತದೆ. ಎರಡಕ್ಕೂ ಜಗ್ಗಿಗೂ ನಡುವಿನ ಆ ಗಳಿಗೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುವ ಸುಖಕ್ಕಾಗಿಯೇ ನಾನು ಘಟ್ಟ ಇಳಿಯುವುದು. ನಡುನಡುವೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಬಂದು ದಾರವನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಸಿಕ್ಕರೂ ಅದನ್ನು ತಿನ್ನುವ ಹಾಗಿಲ್ಲ, ವಿಷ. ಮೀಸೆಯ ಮೀನಿನ ರೆಕ್ಕೆಮುಳ್ಳೂ ಕಡಿಮೆಯದಲ್ಲ. ಬಟ್ಟೆ ಸುತ್ತಿ ಹಿಡಿಯಿರಿ.

"ಹೋಗಿಬರೋ ಖರ್ಚಲ್ಲಿ ಎರಡು ಕೇಜಿ ಅಂಜಲ್ ಬರ್ತಿತ್ತಲ್ರೀ" ಎನ್ನುವುದು ಮನೆಯವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಚಿಕ್ಕಮಗಳೂರು ಜಿಲ್ಲೆಯವರಿಗೆ ಇಲ್ಲೊಂದು ಅನುಕೂಲವಿದೆ: ಗಾಳದ ಗೀಳಿದ್ದ ಸಾಹಿತಿ, ಮೂಡಿಗೆರೆಯ ತೇಜಸ್ವಿಯವರ ಹೆಸರು ಹೇಳಿದರೆ ಸಾಕು, ಗಾಳ ಹಿಡಿದು ಕೂತವನನ್ನು ಯಾರೂ ಪೂರ್ತಿ ಸೋಮಾರಿ ಅನ್ನುವುದಿಲ್ಲ. ಇನ್ನು ರುಚಿಯ ಮಾತು. ರವೆ ಹಚ್ಚಿ ತವಾ ಮೇಲೆ ಗರಿಗರಿಯಾಗಿ ಬೇಯಿಸಿದ ಕಾಣೆಗೆ ಕರಾವಳಿಯಲ್ಲಿ ಸಾಟಿಯಿಲ್ಲ, ಒಪ್ಪಿದೆ. ಬಿಸಿ ಮುದ್ದೆಯ ಜೊತೆಗೆ ಮಾತ್ರ ನನ್ನ ಓಟು ಮದಗದಕೆರೆಯ ಕುಚ್ಚು ಮೀನಿನ ಸಾರಿಗೇ.

ಹೋಗುವ ಮನಸ್ಸಿರುವವರಿಗೆ ಎರಡು ಮಾತು. ಕಡೂರು, ತರೀಕೆರೆಯಿಂದ ರೈಲು ತಾಳಗುಪ್ಪದವರೆಗೆ ಮಾತ್ರ. ಅಲ್ಲಿಂದ ಮುಂದೆ ಬಸ್ಸೇ ಗತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಆ ಕಡಲಿನ ಮುಂದೆ ಕೋಲು ಹಿಡಿದು ನಿಲ್ಲುವ ಸಾಹಸ ಬೇಡ. ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಹೋಗಿ. ಹರಿದ ದಾರವನ್ನು ದಂಡೆಯಲ್ಲಿ ಬಿಸಾಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಹೊರಡುವ ಮೊದಲು ರೀಲನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಒರೆಸಿ. ಹಾಗೇ ಚೀಲಕ್ಕೆ ಹಾಕಿಕೊಂಡು ಬಂದರೆ ಉಪ್ಪು ತನ್ನ ಕೆಲಸ ಮಾಡುತ್ತದೆ, ಮುಂದಿನ ಸಲ ಹೊಸ ರೀಲೇ ಕೊಳ್ಳಬೇಕಾಗುತ್ತದೆ.