ಎಸ್. ಪಿ. ರಸ್ತೆಯಲ್ಲಿ ತಂಬೂರಿಯ ಶೋಧ

ಬೆಂಗಳೂರಿನ ಪುರಭವನದ ಕಂಬಸಾಲನ್ನು ಬೆನ್ನಿಗೆ ಹಾಕಿಕೊಂಡು ಹಳೆಯ ಪೇಟೆಯ ಕಡೆಗೆ ಹೊರಟವನಿಗೆ, ಇನ್ನು ಕೆಲವು ಹೊತ್ತು ಸಂಗೀತಕ್ಕೂ ತನಗೂ ಯಾವ ಸಂಬಂಧವೂ ಇಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಬರಿಯ ಎಸ್. ಪಿ. ರೋಡ್, ಸದ್ದಿನ ತವರುಮನೆ. ತಂತಿಯ ಸುರುಳಿಗಳನ್ನು ಹೊತ್ತ ಕೈಗಾಡಿಯವನು ದಾರಿ ಬಿಡಿರೆಂದು ಕೂಗುತ್ತಾನೆ. ಆಟೋರಿಕ್ಷಾದವನು ಹಾರನ್ ಒತ್ತಿ ಅವನಿಗೆ ಉತ್ತರ ಕೊಡುತ್ತಾನೆ. ಇಬ್ಬರ ನಡುವೆ ಸ್ಕೂಟರಿನವನೊಬ್ಬ, ಕಾಲುಗಳ ಮಧ್ಯೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಮಗುವಿನಂತೆ ನಿಲ್ಲಿಸಿಕೊಂಡು, ನುಸುಳಿಹೋಗುತ್ತಾನೆ. ಇಂಥ ಬೀದಿಗೆ ಜನ ಇಂಪಾದ ನಾದವನ್ನು ಕೊಳ್ಳಲು ಬರುತ್ತಾರೆಂಬುದೇ ಒಂದು ವಿನೋದ.

ಪುರಭವನ ಕಟ್ಟಿದ್ದು 1935ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಅಂದಿನಿಂದ ಮುಂದೆ ನಾಲ್ಕು ದಶಕಗಳ ಕಾಲ ಮಧ್ಯಮವರ್ಗದ ಮನೆಗೆ ಸಂಗೀತ ಬಂದದ್ದು ಹೆಚ್ಚಾಗಿ ರೇಡಿಯೋದ ಮೂಲಕವೇ. ಆ ಪೆಟ್ಟಿಗೆ ಮರದ್ದು, ಅದರೊಳಗಿನ ಧ್ವನಿವರ್ಧಕ ಅಂಗೈಗಿಂತ ಅಗಲವಾದದ್ದು. ಗರಗರ ಸದ್ದು ಇದ್ದೀತು, ನಿಲಯ ಜಾರಿಹೋದೀತು, ಆದರೆ ಧ್ವನಿಗೆ ಒಂದು ಮೈಕಟ್ಟು ಇತ್ತು.

ಕಂಪ್ಯೂಟರು ಸಂಗೀತಕ್ಕಾಗಿ ಹುಟ್ಟಿದ ಯಂತ್ರವಲ್ಲ. 1981ರ ಐಬಿಎಂ ಯಂತ್ರಕ್ಕೆ ಕೀಚೆನ್ನುವುದಷ್ಟೇ ಗೊತ್ತಿತ್ತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆ ‘ಸೌಂಡ್ ಬ್ಲಾಸ್ಟರ್’ ಎಂಬ ಕಾರ್ಡನ್ನು ತಂದ ಮೇಲೆ ಅದು ಹಾಡುವುದನ್ನು ಕಲಿಯಿತು. ಆಮೇಲೆ ಅದೇ ವಿದ್ಯೆ ಉಗುರಿನಷ್ಟು ಚಿಪ್ ಆಗಿ ಮದರ್‌ಬೋರ್ಡಿನ ಒಂದು ಮೂಲೆಗೆ ಸೇರಿತು. ಬಿಟ್ಟಿಯಾಗಿ ಬಂದದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. ಮನೆಯ ಕ್ಯಾಸೆಟ್ಟುಗಳೂ ತಟ್ಟೆಗಳೂ ಒಂದೊಂದಾಗಿ ಕಂಪ್ಯೂಟರಿನ ಒಳಗೆ ಸೇರಿದ ಬಹಳ ದಿನಗಳ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: “ಇದರಲ್ಲಿ ತಂಬೂರಿ ಎಲ್ಲಿ?”

ಪ್ರಶ್ನೆ ಸರಿಯಾದದ್ದು. ಒಂದೂವರೆ ಮನೆಯ ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು 139 ಕಂಪನಗಳದ್ದು. ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಸುಮಾರು 69. ಲ್ಯಾಪ್‌ಟಾಪಿನ ಅಂಚಿನಲ್ಲಿ ಅಡಗಿರುವ ಕಾಸಗಲದ ಸ್ಪೀಕರಿಗೆ ಇನ್ನೂರರಿಂದ ಕೆಳಕ್ಕೆ ಇಳಿಯುವ ಶಕ್ತಿ ಇರುವುದೇ ಅಪರೂಪ. ಮೇಲಿನ ಅನುಸ್ವರಗಳನ್ನು ಹಿಡಿದುಕೊಂಡು ಮಿದುಳು ಕಾಣೆಯಾದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ರಾಗವೇನೋ ತಿಳಿಯುತ್ತದೆ. ಆದರೆ ಮೃದಂಗದ ಎಡಭಾಗ ಮೂಕವಾಗುತ್ತದೆ, ತಬಲಾದ ಬಾಯಾ ತಗಡಾಗುತ್ತದೆ, ಗಾಯಕ ನೆಲವಿಲ್ಲದ ಮನೆಯಲ್ಲಿ ನಿಂತು ಹಾಡುತ್ತಿರುವಂತೆ ಕೇಳುತ್ತದೆ.

ಈ ನೆಲವನ್ನು ಹುಡುಕಿಕೊಂಡು ಬಂದವರಿಗೆ ಎಸ್. ಪಿ. ರಸ್ತೆ ಮೊದಲು ತೋರಿಸುವುದು ವಾಟ್‌ಗಳನ್ನು. ಬಣ್ಣದ ಡಬ್ಬಿಗಳ ಮೇಲೆ ‘ಪಿಎಂಪಿಒ’ ಎಂಬ ನಾಲ್ಕಕ್ಷರಗಳ ಪಕ್ಕದಲ್ಲಿ ಸಾವಿರಗಟ್ಟಲೆ ಅಂಕೆ. ಈ ಅಳತೆಗೆ ಸರ್ವಸಮ್ಮತವಾದ ಯಾವ ಗಜಕಡ್ಡಿಯೂ ಇಲ್ಲ. ಬರೆದವನ ಔದಾರ್ಯವೇ ಪ್ರಮಾಣ. ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ಪುಟ್ಟ ಸ್ಪೀಕರುಗಳಿಗೆ ಹಳೆಯ ಮಾದರಿಯ ಕಿಂಡಿ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವಾಟ್. ಎರಡೂವರೆ ವಾಟ್ ಉಂಡು ಸಾವಿರ ವಾಟ್ ದುಡಿಯುವ ಪ್ರಾಣಿ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ. ‘ಆರ್‌ಎಂಎಸ್’ ಎಂದು ಬರೆದ ಸಣ್ಣ ಅಂಕೆಯನ್ನು ಹುಡುಕಿ ನೋಡುವವರು ಕಡಿಮೆ. ಹುಡುಕಿದವರನ್ನು ಅಂಗಡಿಯವನು ತಕ್ಷಣ ಬೇರೆ ಕಣ್ಣಿನಿಂದ ನೋಡುತ್ತಾನೆ.

ಅಂಗಡಿ ದಾಟಿದರೆ ಮತ್ತೊಂದು ಅಂಗಡಿ. ಅಲ್ಲಿ ‘ಡ್ಯಾಕ್’ ಎಂಬ ಕಿರುಪೆಟ್ಟಿಗೆ. ಅಂಕೆಗಳನ್ನು ಧ್ವನಿಯ ಅಲೆಗಳಾಗಿ ಪರಿವರ್ತಿಸುವುದು ಅದರ ಕೆಲಸ. ಕಂಪ್ಯೂಟರಿನ ಒಳಗಿರುವ ಚಿಪ್ಪೂ ಮಾಡುವುದು ಇದನ್ನೇ. ಆದರೆ ಅದರ ನೆರೆಹೊರೆ ಕೆಟ್ಟದ್ದು. ಸುತ್ತಲೂ ಬೀಸಣಿಗೆ, ಚಿತ್ರಕಾರ್ಡು, ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಮೌಸ್ ಆಡಿಸಿದಾಗ ಕಿವಿಯಲ್ಲಿ ಜೀರುಂಡೆಯ ಸದ್ದು ಕೇಳುವ ಮನೆಗಳಿಗೆ ಹೊರಗಿನ ಡ್ಯಾಕ್ ನಿಜವಾಗಿ ಉಪಕಾರಿ. ಅಂಥ ಸದ್ದಿಲ್ಲದ ಮನೆಗಳಲ್ಲಿ, ಒಳ್ಳೆಯ ಸ್ಪೀಕರು ಇನ್ನೂ ಬಾರದಿರುವಾಗ, ಅದಕ್ಕೆ ಹಣ ಸುರಿಯುವುದು ಗೋಡೆ ಕಟ್ಟುವ ಮೊದಲೇ ಸುಣ್ಣ ಹೊಡೆದಂತೆ. ಪೆಟ್ಟಿಗೆಯ ಮೇಲೆ 192 ಕಿಲೋಹರ್ಟ್ಸ್ ಎಂದು ಹೊಳೆಯುವ ಅಂಕೆಗೂ ಮರುಳಾಗಬೇಕಾಗಿಲ್ಲ. 1982ರಲ್ಲಿ ಬಂದ ಸಿ.ಡಿ.ಯೇ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆಯುತ್ತಿತ್ತು. ಎಳೆಯ ಕಿವಿ ಕೇಳಬಲ್ಲ ಇಪ್ಪತ್ತು ಸಾವಿರ ಕಂಪನಗಳಿಗೆ ಅಷ್ಟು ಸಾಕು. ಅಂಗಡಿಯ ಗ್ರಾಹಕನ ಕಿವಿ ಬಹುಮಟ್ಟಿಗೆ ಎಳೆಯದಲ್ಲ.

ಇನ್ನು ಗುಂಯ್‌ಗುಟ್ಟುವಿಕೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತೊನೆಯುತ್ತದೆ. ಭೂಸಂಪರ್ಕ ಸರಿಯಿಲ್ಲದ ಕಡೆ ಆ ತೊನೆತ ಸ್ಪೀಕರಿನಲ್ಲಿ ಇಳಿದು, ತಾನೂ ಒಂದು ತಂಬೂರಿಯೆಂಬ ಗತ್ತಿನಲ್ಲಿ ಶ್ರುತಿ ಹಿಡಿಯುತ್ತದೆ. ದುರದೃಷ್ಟವಶಾತ್ ಅದರ ಷಡ್ಜ ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ಬೀಳುವುದರಿಂದ ಯಾವ ಗಾಯಕನಿಗೂ ಕೂಡುವುದಿಲ್ಲ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿದಾಗ ಸದ್ದು ಅಡಗಿದರೆ, ದೋಷ ಸ್ಪೀಕರಿನದಲ್ಲ. ಆಗ ಬೇಕಾದವನು ಎಲೆಕ್ಟ್ರಿಷಿಯನ್, ಅವನು ಎಸ್. ಪಿ. ರಸ್ತೆಯ ಯಾವ ಡಬ್ಬಿಯಲ್ಲಿಯೂ ಸಿಗುವುದಿಲ್ಲ.

ಇಯರ್‌ಫೋನಿನ ಮಾತು ಬೇರೆ. ಕೆಲವು ನೂರು ರೂಪಾಯಿಗಳ ಒಳ್ಳೆಯ ಇಯರ್‌ಫೋನು ಮಂದ್ರ ಸ್ಥಾಯಿಯನ್ನು ದೊಡ್ಡ ಸ್ಪೀಕರಿಗಿಂತ ಸುಲಭವಾಗಿ ಕಿವಿಗೆ ತಲುಪಿಸುತ್ತದೆ. ಒಂಟಿ ಕೇಳುಗನಿಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಮರದ ರೇಡಿಯೋ ಹಾಡುತ್ತಿದ್ದುದು ಅಡುಗೆಮನೆಯವರೆಗೂ.

ಶನಿವಾರದ ಮಧ್ಯಾಹ್ನಗಳಲ್ಲಿ ಈ ಬೀದಿಯಲ್ಲಿ ತಂದೆ-ಮಕ್ಕಳ ಜೋಡಿಗಳು ಹೆಚ್ಚು. ಅಂಥ ಒಂದು ಜೋಡಿ. ನಿವೃತ್ತರಾದ ತಂದೆಗೆ ಬೇಕಾದದ್ದು, ಇಲ್ಲಿಂದ ಕೂಗಳತೆಗೆ ಸ್ವಲ್ಪ ಹೆಚ್ಚು ದೂರದ ಚಾಮರಾಜಪೇಟೆಯಲ್ಲಿ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಡಿ ತಾವು ಕುಳಿತು ಕೇಳಿದ ರಾಮನವಮಿಯ ಕಚೇರಿಗಳು. ಶ್ರೀರಾಮ ಸೇವಾ ಮಂಡಳಿಯ ಆ ಸಂಗೀತೋತ್ಸವ 1939ರಿಂದ ಬಂದದ್ದು. ಅವರ ಹತ್ತಿರ ಇರುವುದು ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ತಾವೇ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟುಗಳ ನಕಲು. ಮಗ ಹಣ ಕೊಡಲು ಸಿದ್ಧ, ಡ್ಯಾಕ್ ಕೊಳ್ಳಲು ಆತುರ. ಅಂಗಡಿಯವನು ಸಿನಿಮಾ ಹಾಡೊಂದನ್ನು ಗಾಜು ನಡುಗುವಂತೆ ಹಾಕುತ್ತಾನೆ. ತಂದೆ ತಲೆಯಾಡಿಸಿ, ಮಗನ ಫೋನಿನಲ್ಲಿರುವ ತಮ್ಮ ಧ್ವನಿಮುದ್ರಿಕೆಯನ್ನು ಹಾಕಿಸಿ, ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ ಎನ್ನುತ್ತಾರೆ.

“ಸಣ್ಣಗೆ ಮಾಡಿದರೆ ಏನು ಕೇಳುತ್ತದೆ, ಸಾರ್?”

“ಅದನ್ನೇ ನೋಡಬೇಕು.”

ಗ್ರಾಹಕ ಹಟವಾದಿಯೆಂದು ಕಂಡ ಅಂಗಡಿಯವನು ಗಾಜಿನ ಬಾಗಿಲನ್ನು ಎಳೆದುಕೊಳ್ಳುತ್ತಾನೆ. ಬೀದಿ ಅರ್ಧ ಅಡಗುತ್ತದೆ. ಮೊದಲ ಜೋಡಿಯಲ್ಲಿ ಕೆಮ್ಮು, ಚಪ್ಪಾಳೆ, ಪಿಟೀಲು ಎಲ್ಲ ಇವೆ, ತಂಬೂರಿಯಿಲ್ಲ. ಎರಡನೆಯದರಲ್ಲಿ ಅನುಮಾನ. ಮೂರನೆಯದು ಕಪ್ಪು ಬಣ್ಣದ, ಐದಂಗುಲದ ಶಂಕುವಿನ, ನೋಡಲು ಏನೂ ಚೆಲುವಿಲ್ಲದ ಪೆಟ್ಟಿಗೆ. ಎಪ್ಪತ್ತರ ಆಸುಪಾಸಿಗೆ ಇಳಿಯಬಲ್ಲದು. ಹಳೆಯ ಟೇಪಿನ ಸುಯ್‌ಸದ್ದಿನ ಕೆಳಗೆ, ಎಂದಿನಿಂದಲೋ ಅಲ್ಲಿಯೇ ಇದ್ದಂತೆ, ಮಂದ್ರ ತಂತಿ ಮೀಟುತ್ತಿದೆ. ಟೇಪು ಹಿಡಿಯದೆ ಬಿಟ್ಟದ್ದನ್ನು ಯಾವ ಯಂತ್ರವೂ ಮರಳಿ ಕೊಡಲಾರದು; ಹಿಡಿದಿಟ್ಟಷ್ಟು ಮಾತ್ರ ಈಗ ಹೊರಬಂದಿದೆ. ತಂದೆ ಬೆಲೆಯನ್ನು ಕೇಳದೆ, ಇವನ್ನು ಮನೆಯಲ್ಲಿ ಮೂಲೆಗೆ ಒತ್ತರಿಸಿ ಇಟ್ಟರೆ ಗುಡುಗುತ್ತವೆಯೇ ಎಂದು ವಿಚಾರಿಸುತ್ತಾರೆ. ಗೋಡೆಯಿಂದ ಒಂದು ಗೇಣು ಮುಂದಕ್ಕೆ, ಕಿವಿಯ ಎತ್ತರಕ್ಕೆ ಎಂದು ಅಂಗಡಿಯವನ ಉತ್ತರ. ಬೆಲೆಯ ಚೌಕಾಸಿಯನ್ನು ಮಗ ನಡೆಸುತ್ತಾನೆ. ಡ್ಯಾಕ್ ಗಾಜಿನ ಕಪಾಟಿನಲ್ಲಿಯೇ ಉಳಿಯುತ್ತದೆ.